ದಾದಿಯ ಪ್ಲಾಸ್ಟಿಕ್ ಕವರು, ಡಾಕ್ಟರ ಕಂಪ್ಯೂಟರು

ನಮ್ಮ ದಾದಿಯ ಆಸ್ಪತ್ರೆ ಚೀಟಿಗಳೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿವೆ. (ನಮ್ಮ ಮನೆಯಲ್ಲಿ ದಾದಿ ಎಂದರೆ ಅಬ್ಬಾರ ತಾಯಿ, ನರ್ಸ್ ಅಲ್ಲ!) ಸಕ್ಕರೆ ಕಾಯಿಲೆಯ ಮಾತ್ರೆ ಬರೆದದ್ದು ಸೊರಬದಲ್ಲಿ, ರಕ್ತ ಪರೀಕ್ಷೆ ಸಾಗರದ್ದು, ಕಣ್ಣಿನದು ಶಿವಮೊಗ್ಗದ್ದು. ಉಳವಿಯ ಎಷ್ಟೋ ಮನೆಗಳಲ್ಲಿ ಇಂಥ ಕವರು ಇರುತ್ತದೆ. ಅದನ್ನು ಮರೆತು ಹೋದರೆ ಮಾತ್ರೆಯ ಬಣ್ಣ ಹೇಳಿ ಡಾಕ್ಟರಿಗೆ ಅರ್ಥ ಮಾಡಿಸಬೇಕು.

ಈ ಕಷ್ಟ ತಪ್ಪಿಸಲು 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಆರಂಭವಾಯಿತು. ಅದರಲ್ಲಿ ಸಿಗುವ 14 ಅಂಕಿಗಳ ಸಂಖ್ಯೆಯೇ ಆಭಾ. ಇದನ್ನು 5 ಲಕ್ಷ ರೂಪಾಯಿಯ ಆಯುಷ್ಮಾನ್ ಕಾರ್ಡ್ ಎಂದುಕೊಳ್ಳಬೇಡಿ. ಅದು ಚಿಕಿತ್ಸೆಯ ಖರ್ಚಿಗೆ, ಇದು ದಾಖಲೆಗೆ. ದಾಖಲೆಗಳೆಲ್ಲ ದೆಹಲಿಗೆ ಹೋಗಿ ಒಂದೇ ಕಡೆ ಸೇರುವುದಿಲ್ಲ, ಬರೆದ ಆಸ್ಪತ್ರೆಯಲ್ಲೇ ಉಳಿಯುತ್ತವೆ. ಬೇರೆ ಡಾಕ್ಟರು ಅದನ್ನು ನೋಡಲು ರೋಗಿಯ ಒಪ್ಪಿಗೆ ಬೇಕು.

ಇಷ್ಟು ಅನುಕೂಲವಿದ್ದರೂ ಅನೇಕ ಡಾಕ್ಟರುಗಳಿಗೆ ಇದೆಂದರೆ ಬೇಸರ. ಯಾಕೆ? ಕಾಮರ್ಸ್ ಓದುವ ನನಗೆ ಕಾಣುವ ಕಾರಣ ಇದು: ಖರ್ಚು ಒಬ್ಬರ ಖಾತೆಗೆ, ಲಾಭ ಇನ್ನೊಬ್ಬರ ಖಾತೆಗೆ. ಅಂಗಡಿಯಲ್ಲಿ ಲೆಕ್ಕ ಬರೆಯುವವನಿಗೇ ಆ ಲೆಕ್ಕ ಬೇಕಾಗುತ್ತದೆ. ಇಲ್ಲಿ ಹಳ್ಳಿಯ ಡಾಕ್ಟರು ಟೈಪ್ ಮಾಡಿದ್ದು ಉಪಯೋಗಕ್ಕೆ ಬರುವುದು ಹೆಚ್ಚಾಗಿ ಶಿವಮೊಗ್ಗದ ಡಾಕ್ಟರಿಗೆ. ಒಂದೇ ಕೋಣೆಯ ಕ್ಲಿನಿಕ್ಕಿನಲ್ಲಿ ಟೈಪ್ ಮಾಡಲು ಬೇರೆ ಜನ ಎಲ್ಲಿಂದ ಬರಬೇಕು? ಹೊರಗೆ ಬೆಂಚು ತುಂಬಿರುತ್ತದೆ, ಮಳೆಗಾಲದಲ್ಲಿ ಕರೆಂಟೂ ಕೈ ಕೊಡುತ್ತದೆ. ಪೆನ್ನಾದರೆ ಅರ್ಧ ನಿಮಿಷದ ಕೆಲಸ.

ಎಲ್ಲ ಸೌಲಭ್ಯ ಇರುವ ಅಮೆರಿಕದಲ್ಲೂ ಇದೇ ದೂರು. ವಿಸ್ಕಾನ್ಸಿನ್ ರಾಜ್ಯದ ಫ್ಯಾಮಿಲಿ ಡಾಕ್ಟರುಗಳ ಬಗ್ಗೆ 2017ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ದಿನಕ್ಕೆ 11 ಗಂಟೆಗೂ ಹೆಚ್ಚಿನ ಅವರ ಕೆಲಸದಲ್ಲಿ ಸುಮಾರು 6 ಗಂಟೆ ಕಂಪ್ಯೂಟರ್ ದಾಖಲೆಗೇ ಹೋಗುತ್ತಿತ್ತು. ಅದರಲ್ಲಿ ಹತ್ತಿರ ಹತ್ತಿರ ಒಂದೂವರೆ ಗಂಟೆ ಕ್ಲಿನಿಕ್ ಸಮಯ ಮುಗಿದ ಮೇಲೆ. ಹಾಗಾಗಿ ನಮ್ಮ ಡಾಕ್ಟರು ಕಂಪ್ಯೂಟರ್ ಬೇಡವೆಂದರೆ ಅವರನ್ನು ಹಳೇ ಕಾಲದವರು ಎನ್ನಲು ನನಗೆ ಮನಸ್ಸಿಲ್ಲ.

ನಮ್ಮಂಥ ಮನೆಗಳಿಗೆ ಹೆಸರಿನದೂ ಒಂದು ತೊಡಕು. ದಾದಿಯ ಹೆಸರು ಆಧಾರ್‌ನಲ್ಲಿ ಒಂದು ತರಹ, ರೇಷನ್ ಕಾರ್ಡಿನಲ್ಲಿ ಕೊನೆಗೆ 'ಬೀ' ಸೇರಿಸಿ ಇನ್ನೊಂದು ತರಹ, ಲ್ಯಾಬ್ ರಿಪೋರ್ಟಿನಲ್ಲಿ ಮತ್ತೊಂದು. ಹೆಸರು ನೋಡಿ ಹುಡುಕುವ ಕಂಪ್ಯೂಟರಿಗೆ ಇವರು ಮೂವರು ದಾದಿಯರು! ಸಂಖ್ಯೆ ಇದ್ದರೆ ಒಬ್ಬರೇ. ಆದರೆ ಒಟಿಪಿ ಬರುವುದು ಅಬ್ಬಾರ ಮೊಬೈಲಿಗೆ. ಅಂದರೆ ದಾದಿಯ ಒಪ್ಪಿಗೆಯನ್ನು ಅಬ್ಬಾ ಕೊಟ್ಟಂತಾಯಿತು.

ಕಂಪ್ಯೂಟರ್ ಬರಲಿ ಬಿಡಲಿ, ಒಂದು ಹಕ್ಕು ಮೊದಲಿನಿಂದಲೂ ಇದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮದಂತೆ ಒಳರೋಗಿಯ ದಾಖಲೆಯನ್ನು ವೈದ್ಯರು 3 ವರ್ಷ ಇಟ್ಟಿರಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಹೀಗೆ ಕೇಳಬಹುದು ಎಂಬುದೇ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.