ಡಾಕ್ಟರೇಟಿನ ಅನಂತರ ಎಡೆ ಎಲ್ಲಿ?

ಡಾಕ್ಟರೇಟಿನ ಅನಂತರ ಸಂಶೋಧನಸ್ಥಾನವನ್ನು ಅರಸುವವರು ವಿಭಾಗದ ಹೆಸರಿಗಿಂತ ಪ್ರಯೋಗಾಲಯದ ಸಮಸ್ಯೆಯನ್ನು ನೋಡುವುದು ಲೇಸು. ಹೂವಿನ ಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾಯರು ಸಂಖ್ಯಾಶಾಸ್ತ್ರಜ್ಞರು. 1946ರಲ್ಲಿ ಕೇಂಬ್ರಿಜ್ಜಿನ ಸಂಗ್ರಹಾಲಯವೊಂದಕ್ಕೆ ಅವರು ಬೇಕಾದುದು ಪ್ರಾಚೀನ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸಲು. 1948ರ ಅವರ ಡಾಕ್ಟರೇಟು ಜೀವವರ್ಗೀಕರಣವನ್ನು ಕುರಿತದ್ದು.

ಹೈದರಾಬಾದಿನಲ್ಲಿ 1977ರಲ್ಲಿ ಸ್ಥಾಪಿತವಾದ ಸಿ.ಸಿ.ಎಂ.ಬಿ.ಯೂ ಉಂಟು, ರಾಯರ ಹೆಸರಿನ ಗಣಿತಸಂಸ್ಥೆಯೂ ಉಂಟು. ಇಂಥೆಡೆ ಸ್ಥಾನಗಳು ಎರಡು ಬಗೆ: ಯೋಜನೆಯ ಹಣದಿಂದ ಮಾರ್ಗದರ್ಶಕರು ಕೊಡುವುದು ಒಂದು, ಅಭ್ಯರ್ಥಿಯೇ ಗಳಿಸಿ ತರುವ ಶಿಷ್ಯವೇತನ ಇನ್ನೊಂದು. ಎರಡನೆಯದಕ್ಕೂ ಮಾರ್ಗದರ್ಶಕರ ಒಪ್ಪಿಗೆ ಸಾಮಾನ್ಯವಾಗಿ ಮೊದಲೇ ಬೇಕು.

ಆದುದರಿಂದ ಪ್ರಕಟಣೆಗಾಗಿ ಕಾದು ಕೂರದೆ, ಅವರ ಲೇಖನಗಳನ್ನು ಓದಿ, ತನ್ನ ವಿಧಾನವು ಅವರ ಯಾವ ಪ್ರಶ್ನೆಯನ್ನು ಬಿಡಿಸಬಲ್ಲುದೆಂದು ಒಂದು ಪುಟದಲ್ಲಿ ಬರೆದು ಕಳುಹಿಸುವುದೇ ಮೊದಲ ಹೆಜ್ಜೆ.