ಕಾರ್ಸೆಟ್ಟಿನ ಹೊಲಿಗೆಯಲ್ಲಿ ಭೌತವಿಜ್ಞಾನ

ಯೂರೋಪಿನ ಸ್ತ್ರೀಯರು 16ನೆಯ ಶತಮಾನದಿಂದ 20ನೆಯ ಶತಮಾನದ ಆರಂಭದವರೆಗೂ ಮೇಲುಡುಪಿನ ಒಳಗೆ ಬಿಗಿಯಾದ ಕವಚವೊಂದನ್ನು ಧರಿಸುತ್ತಿದ್ದರು. ಎದೆಯಿಂದ ಸೊಂಟದವರೆಗೆ ಮುಂಡವನ್ನು ಸುತ್ತುವರಿದು, ಒಳಗಿನ ಕಡ್ಡಿಗಳ ಬಲದಿಂದ ನೆಟ್ಟಗೆ ನಿಂತು, ಲಾಡಿಯಿಂದ ಬಿಗಿಯಲ್ಪಡುತ್ತಿದ್ದ ಈ ಉಡುಪು ಕಾಲಾನಂತರದಲ್ಲಿ ಕಾರ್ಸೆಟ್ ಎಂಬ ಹೆಸರನ್ನು ಪಡೆಯಿತು. ಇಂದು ಅದು ನಿತ್ಯದ ಉಡುಪಲ್ಲ. ಆದರೂ ಇಂಗ್ಲೆಂಡ್, ಅಮೆರಿಕ ಮೊದಲಾದ ದೇಶಗಳಲ್ಲಿ ಗತಕಾಲದ ಉಡುಪುಗಳನ್ನು ಮನೆಯಲ್ಲಿಯೇ ಹೊಲಿದು ಧರಿಸುವ ಹವ್ಯಾಸಿಗಳು ಅನೇಕರಿದ್ದಾರೆ. ಅವರ ಕೌಶಲಕ್ಕೆ ಕಾರ್ಸೆಟ್ಟು ಕಠಿಣವಾದ ಪರೀಕ್ಷೆ. ನಾವು ತರಗತಿಯಲ್ಲಿ ಕಲಿಯುವ ಹಲವು ನಿಯಮಗಳು ಆ ಹೊಲಿಗೆಯಲ್ಲಿ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ಹವ್ಯಾಸಿಗೆ ಮೊದಲು ಬೇಕಾದುದು ನಂಬಲರ್ಹವಾದ ನಕ್ಷೆ. 1603ರಲ್ಲಿ ಒಂದನೆಯ ಎಲಿಜಬೆತ್ ರಾಣಿಯ ಅಂತ್ಯಯಾತ್ರೆಯ ಪ್ರತಿಮೆಗಾಗಿ ಹೊಲಿದ ಕವಚವು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಇಂದಿಗೂ ಉಳಿದಿದೆ. ಇಂತಹ ಉಡುಪುಗಳನ್ನು ಹೊಲಿಗೆ ಹೊಲಿಗೆಯಾಗಿ ಅಳೆದು ನಕ್ಷೆ ಬರೆದವರಲ್ಲಿ ಜಾನೆಟ್ ಆರ್ನಾಲ್ಡ್ (1932-1998) ಪ್ರಮುಖರು. ಅವರ ನಕ್ಷೆಗಳು ನೈಜ ಗಾತ್ರದ ಎಂಟನೆಯ ಒಂದು ಪಾಲು. ಆದುದರಿಂದ ನಕ್ಷೆಯನ್ನು ಹಿಗ್ಗಿಸುವಾಗ 1 ಮಿಲಿಮೀಟರ್ ತಪ್ಪಿದರೆ ಬಟ್ಟೆಯಲ್ಲಿ 8 ಮಿಲಿಮೀಟರ್ ತಪ್ಪುತ್ತದೆ.

ಚೆಂಡಿನ ಮೇಲೆ ಕಾಗದದ ಹಾಳೆಯನ್ನು ಸುಕ್ಕಿಲ್ಲದೆ ಹೊದಿಸಲು ಪ್ರಯತ್ನಿಸಿ ನೋಡಿ, ಅದು ಸಾಧ್ಯವಾಗದು. ಮನುಷ್ಯನ ಸೊಂಟದ ಆಕಾರವಾದರೂ ಕುದುರೆಯ ಜೀನಿನಂಥದು: ಅಡ್ಡಲಾಗಿ ನೋಡಿದರೆ ಹೊರಕ್ಕೆ ಉಬ್ಬಿದೆ, ಮೇಲಿನಿಂದ ಕೆಳಕ್ಕೆ ನೋಡಿದರೆ ಒಳಕ್ಕೆ ಬಾಗಿದೆ. ಸಮತಲವಾದ ಬಟ್ಟೆಯನ್ನು ಇಂತಹ ಮೇಲ್ಮೈಗೆ ಒಗ್ಗಿಸಬೇಕಾದರೆ ಅದನ್ನು ಹಲವು ತುಂಡುಗಳಾಗಿ ಕತ್ತರಿಸಿ, ಬಾಗಿದ ಅಂಚುಗಳನ್ನು ಕೂಡಿಸಿ ಹೊಲಿಯದೆ ಬೇರೆ ದಾರಿಯಿಲ್ಲ. ಬಟ್ಟೆಯ ಸ್ವಭಾವವನ್ನೂ ಇಲ್ಲಿ ಗಮನಿಸಬೇಕು. ಕರವಸ್ತ್ರವೊಂದನ್ನು ಹಾಸಿನ ಅಥವಾ ಹೊಕ್ಕಿನ ದಿಕ್ಕಿನಲ್ಲಿ ಎಳೆದರೆ ಅದು ಹಿಗ್ಗುವುದು ಅತ್ಯಲ್ಪ. ಮೂಲೆಯಿಂದ ಮೂಲೆಗೆ ಎಳೆದರೆ ಸುಲಭವಾಗಿ ಹಿಗ್ಗುತ್ತದೆ. ಓರೆಯಾಗಿ ಎಳೆದಾಗ ನೂಲುಗಳು ಉದ್ದವಾಗುವುದಿಲ್ಲ, ಅವುಗಳ ನಡುವಣ ಕೋನ ಮಾತ್ರ ಬದಲಾಗುತ್ತದೆ. ಹೀಗಾಗಿ ಅನುಭವಿಗಳು ಒತ್ತಾಗಿ ನೇಯ್ದ ಬಟ್ಟೆಯನ್ನು ಆರಿಸಿ, ನೂಲಿನ ದಿಕ್ಕನ್ನು ಎಚ್ಚರದಿಂದ ನೋಡಿ ಕತ್ತರಿಸುತ್ತಾರೆ. ಸೊಂಟದ ಸುತ್ತ ಒಳಗಡೆ ಗಟ್ಟಿಯಾದ ಪಟ್ಟಿಯೊಂದನ್ನು ಹೊಲಿದು, ಸೆಳೆತದ ಬಹುಭಾಗವನ್ನು ಅದಕ್ಕೆ ಹೊರಿಸುತ್ತಾರೆ.

ಇನ್ನು ಅಳತೆಯ ದೋಷ. ಹನ್ನೆರಡು ತುಂಡುಗಳ ಕಾರ್ಸೆಟ್ಟು ಮುಂದೆಯೂ ಹಿಂದೆಯೂ ತೆರೆಯುವಂತಿದ್ದರೆ, ಅದರಲ್ಲಿ ಹತ್ತು ಉದ್ದ ಹೊಲಿಗೆಗಳಿರುತ್ತವೆ. ಪ್ರತಿಯೊಂದು ಹೊಲಿಗೆಯೂ ಅಂಚಿನಿಂದ 1 ಮಿಲಿಮೀಟರ್ ಹೆಚ್ಚು ಒಳಗೆ ಬಿದ್ದಿತೆಂದುಕೊಳ್ಳೋಣ. ಎರಡೂ ತುಂಡುಗಳು ಕಿರಿದಾಗುವುದರಿಂದ ಒಂದು ಹೊಲಿಗೆಗೆ 2 ಮಿಲಿಮೀಟರ್, ಒಟ್ಟಿನಲ್ಲಿ 20 ಮಿಲಿಮೀಟರ್ ನಷ್ಟ! ಆದರೆ ಇದೇ ಪ್ರಮಾಣದ ತಪ್ಪು ಕೆಲವೆಡೆ ಒಳಕ್ಕೂ ಕೆಲವೆಡೆ ಹೊರಕ್ಕೂ ಯಾದೃಚ್ಛಿಕವಾಗಿ ಆಗುತ್ತಿದ್ದರೆ, ಒಟ್ಟು ದೋಷವು ಹತ್ತರ ವರ್ಗಮೂಲಕ್ಕೆ ಅನುಗುಣವಾಗಿ ಸುಮಾರು 6 ಮಿಲಿಮೀಟರಿನಷ್ಟಿರುತ್ತದೆ. ಒಂದೇ ದಿಕ್ಕಿನ ದೋಷವು ಎಷ್ಟು ಅಪಾಯಕಾರಿ ಎಂಬುದನ್ನು ಪ್ರಯೋಗಶಾಲೆಯಲ್ಲಿ ಕಲಿತ ವಿದ್ಯಾರ್ಥಿಗೆ ಇದು ಹೊಸದಲ್ಲ. ಅಗ್ಗದ ಬಟ್ಟೆಯಲ್ಲಿ ಮೊದಲು ಒಂದು ಮಾದರಿಯನ್ನು ಹೊಲಿದು ನೋಡುವ ಪದ್ಧತಿ ಬಂದಿರುವುದೂ ಈ ಕಾರಣದಿಂದಲೇ.

ಬಟ್ಟೆ ಎಳೆತವನ್ನು ತಡೆಯಬಲ್ಲದು, ಒತ್ತುವಿಕೆಯನ್ನು ತಡೆಯಲಾರದು, ಒತ್ತಿದೊಡನೆ ಮುದುಡುತ್ತದೆ. ಕಡ್ಡಿಗಳು ಬೇಕಾಗುವುದು ಇಲ್ಲಿ. ಪಟ್ಟಿಯ ಬಾಗುವಿಕೆಗೆ ಎದುರಾಗುವ ಬಿರುಸುತನವು ಅಗಲಕ್ಕೆ ಅನುಪಾತದಲ್ಲಿಯೂ ದಪ್ಪದ ಘನಕ್ಕೆ ಅನುಪಾತದಲ್ಲಿಯೂ ಇರುತ್ತದೆ. 6 ಮಿಲಿಮೀಟರ್ ಅಗಲ, 1 ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿ ಚಪ್ಪಟೆಯಾದ ಕಡೆಗೆ ಸುಲಭವಾಗಿ ಬಾಗುತ್ತದೆ. ಅಂಚಿನ ಕಡೆಗೆ ಅದರ ಬಿರುಸುತನ 36 ಪಟ್ಟು. ಆ ಪಟ್ಟಿಯ ಬದಲು ಅರ್ಧ ದಪ್ಪದ ಎರಡು ಪಟ್ಟಿಗಳನ್ನು ಅಂಟಿಸದೆ ಒಂದರ ಮೇಲೊಂದು ಇಟ್ಟರೆ, ಬಿರುಸುತನ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಎಲ್ಲಿ ಬಳುಕಬೇಕು, ಎಲ್ಲಿ ನೆಟ್ಟಗಿರಬೇಕು ಎಂಬುದನ್ನು ಹೊಲಿಯುವವರು ಹೀಗೆ ನಿರ್ಧರಿಸಬಲ್ಲರು.

ಹಿಂದಿನವರು ಕಡ್ಡಿಗಾಗಿ ಬಳಸುತ್ತಿದ್ದುದು ತಿಮಿಂಗಿಲದ ಬಾಯೊಳಗಿನ ಜಾಲರಿ ಫಲಕಗಳನ್ನು. ಇದನ್ನು ‘ತಿಮಿಂಗಿಲದ ಮೂಳೆ’ ಎನ್ನುತ್ತಿದ್ದರಾದರೂ ಅದು ಮೂಳೆಯಲ್ಲ. ನಮ್ಮ ಉಗುರು ಕೂದಲುಗಳಂತೆ ಕೆರಾಟಿನ್ನಿನಿಂದಾದುದು. ಕಾಯಿಸಿದರೆ ಮೆತುವಾಗಿ, ಆರಿದ ಮೇಲೆ ಹೊಸ ಆಕಾರವನ್ನು ಉಳಿಸಿಕೊಳ್ಳುವ ಗುಣ ಅದಕ್ಕಿದೆ. ಈ ಗುಣಕ್ಕಾಗಿ ತಿಮಿಂಗಿಲಗಳು ತೆತ್ತ ಬೆಲೆ ಘೋರವಾದುದು. ವಾಣಿಜ್ಯ ಬೇಟೆಯ ಮೇಲೆ 1982ರಲ್ಲಿ ಕೈಗೊಂಡ ಅಂತರರಾಷ್ಟ್ರೀಯ ನಿಷೇಧದ ನಿರ್ಣಯ 1986ರಲ್ಲಿ ಜಾರಿಗೆ ಬಂದಿತು. ಇಂದಿನ ಹವ್ಯಾಸಿಗಳು ಉಕ್ಕನ್ನೋ ಪ್ಲಾಸ್ಟಿಕ್ ಕಡ್ಡಿಗಳನ್ನೋ ಬಳಸುತ್ತಾರೆ. ವಿದ್ಯುತ್ ತಂತಿಗಳನ್ನು ಕಟ್ಟುವ ಅಗಲವಾದ ಪ್ಲಾಸ್ಟಿಕ್ ಪಟ್ಟಿಗಳೂ ಈ ಕೆಲಸಕ್ಕೆ ಒದಗುತ್ತವೆ.

ಕಡೆಯದಾಗಿ ದೇಹದ ಮೇಲಿನ ಒತ್ತಡ. ಬಿಗಿದ ಬಟ್ಟೆಯ ಒತ್ತಡವು ಸೆಳೆತವನ್ನು ವಕ್ರತಾ ತ್ರಿಜ್ಯದಿಂದ ಭಾಗಿಸಿದಷ್ಟು. 70 ಸೆಂಟಿಮೀಟರ್ ಸುತ್ತಳತೆಯ ಸೊಂಟವನ್ನು ವೃತ್ತವೆಂದು ಭಾವಿಸಿದರೆ ತ್ರಿಜ್ಯ ಸುಮಾರು 11 ಸೆಂಟಿಮೀಟರ್. ಬಟ್ಟೆಯ ಪ್ರತಿ ಸೆಂಟಿಮೀಟರ್ ಎತ್ತರಕ್ಕೆ 5 ನ್ಯೂಟನ್ ಸೆಳೆತವಿದ್ದರೆ, ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 46 ಗ್ರಾಂ ತೂಕ ಇಟ್ಟಂತಾಗುತ್ತದೆ. ಆದರೆ ಸೊಂಟವು ವೃತ್ತವಲ್ಲ. ಪಕ್ಕಗಳಲ್ಲಿ ತ್ರಿಜ್ಯ 8 ಸೆಂಟಿಮೀಟರ್, ಮುಂಭಾಗದಲ್ಲಿ 20 ಸೆಂಟಿಮೀಟರ್ ಇದ್ದರೆ, ಪಕ್ಕಗಳ ಒತ್ತಡ ಮುಂಭಾಗದ ಎರಡೂವರೆ ಪಟ್ಟು.

ಅತಿಯಾಗಿ ಬಿಗಿಯುವುದರ ಅಪಾಯವನ್ನು ಕುರಿತು ಜರ್ಮನ್ ವೈದ್ಯ ಜೋಮ್ಮರಿಂಗ್ 18ನೆಯ ಶತಮಾನದ ಕೊನೆಯಲ್ಲಿಯೇ ಬರೆದಿದ್ದನು. ಆದರೆ ಸೊಂಟ ಸಣ್ಣದಾಗಲೆಂದು ಆ ಕಾಲದ ಸ್ತ್ರೀಯರು ಪಕ್ಕೆಲುಬುಗಳನ್ನು ತೆಗೆಸುತ್ತಿದ್ದರೆಂಬ ಮಾತಿಗೆ ನಂಬಲರ್ಹವಾದ ಆಧಾರವಿಲ್ಲ. ಇಲ್ಲಿ ಹೊಲಿಗೆಯೇ ನಮಗೊಂದು ಸಾಕ್ಷ್ಯವನ್ನು ಒದಗಿಸುತ್ತದೆ. ಹವ್ಯಾಸಿಗಳು ಸಾಮಾನ್ಯವಾಗಿ ಬೆನ್ನಿನ ಕಡೆ ಲಾಡಿಯ ನಡುವೆ ಸುಮಾರು 5 ಸೆಂಟಿಮೀಟರ್ ತೆರಪು ಬಿಡುತ್ತಾರೆ. ತೆರಪಿನ ಎರಡು ಅಂಚುಗಳು ಸಮಾಂತರವಾಗಿದ್ದರೆ ಅಳತೆ ಸರಿ. ಮೇಲೋ ಕೆಳಗೋ ಅಗಲವಾದರೆ ಅಲ್ಲಿ ಬಟ್ಟೆ ಸಾಲದು. ಹಾಗೆಯೇ, ವಸ್ತುಸಂಗ್ರಹಾಲಯದಲ್ಲಿ ಅಂಚು ಕೂಡಿಸಿ ಅಳೆದಾಗ 55 ಸೆಂಟಿಮೀಟರ್ ಇರುವ ಕಾರ್ಸೆಟ್ಟನ್ನು ಇಷ್ಟೇ ತೆರಪಿನೊಡನೆ ಧರಿಸಿದ್ದವಳ ಸೊಂಟ 60 ಸೆಂಟಿಮೀಟರ್ ಆಗಿದ್ದಿರಬೇಕು. ಉಡುಪಿನ ಅಳತೆಯನ್ನೇ ದೇಹದ ಅಳತೆಯೆಂದು ತಿಳಿದರೆ, ಎಂದೋ ಬಾಳಿಹೋದ ಸ್ತ್ರೀಯರ ದೇಹದ ಬಗೆಗೆ ನಾವು ಸುಳ್ಳು ಇತಿಹಾಸವನ್ನು ಬರೆದಂತಾಗುತ್ತದೆ. ತಾನು ಹೊಲಿದ ಕವಚವನ್ನು ತಾನೇ ತೊಟ್ಟು, ಕುಳಿತು, ಬಾಗಿ, ಆಳವಾಗಿ ಉಸಿರೆಳೆದು ನೋಡುವ ಹವ್ಯಾಸಿಯ ಕೆಲಸವೂ ಪ್ರಯೋಗವೇ. ಉಸಿರು ಕಟ್ಟುವಂತಿದ್ದರೆ ಲಾಡಿಯನ್ನು ಸಡಿಲಿಸಬೇಕು, ನಕ್ಷೆಯನ್ನು ಮತ್ತೆ ಅಳೆಯಬೇಕು.