ಸೇಠರ ಮನೆಗೆ ಅತಿಥಿಯಾಗಿ

ಅಹಮದಾಬಾದಿನ ಲಾಲ್ ದರ್ವಾಜಾದಲ್ಲಿ ಬಸ್ಸು, ಆಟೊ, ತಳ್ಳುಗಾಡಿಗಳ ಗದ್ದಲ ರಾತ್ರಿ ಹತ್ತಾದರೂ ಅಡಗುವುದಿಲ್ಲ. ಆ ಗದ್ದಲದ ನಡುವೆ, ಸಿದಿ ಸಯ್ಯದ್ ಮಸೀದಿಗೆ ಎದುರಾಗಿ ಒಂದು ಭಾರಿ ಮನೆ ನಿಂತಿದೆ. ಬಟ್ಟೆ ಗಿರಣಿಯ ಒಡೆಯರಾಗಿದ್ದ ಸೇಠ್ ಮಂಗಲ್‌ದಾಸ್ ಗಿರಿಧರ್‌ದಾಸ್ ಅದನ್ನು ಕಟ್ಟಿಸಿದ್ದು 1924ರಲ್ಲಿ. ಅವರ ಮರಿಮಗ ಅಭಯ್ ಮಂಗಲ್‌ದಾಸ್ ಅದನ್ನು ಹೋಟೆಲ್ ಮಾಡಿದರು. ಹೆಸರು ‘ದಿ ಹೌಸ್ ಆಫ್ ಎಂಜಿ’. ಕೋಣೆಗಳು ನಲವತ್ತರೊಳಗೆ. ಹಳೆ ಊರನ್ನು ಅರಿಯಬೇಕೆಂದು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಬಿಡಾರ ಸಿಗುವುದು ಕಷ್ಟ.

ಬಾಗಿಲು ದಾಟಿದರೆ ಬೀದಿಯ ಸದ್ದು ಅರ್ಧಕ್ಕೆ ಇಳಿಯುತ್ತದೆ. ಗೋಡೆಗಳು ಅಷ್ಟು ದಪ್ಪ. ಎತ್ತರದ ಸೂರು, ಉದ್ದನೆಯ ಪಡಸಾಲೆ, ಚಿತ್ತಾರದ ಹೆಂಚು ಹಾಸಿದ ನೆಲ, ಬಿಸಿಲನ್ನು ಸೋಸಿ ಒಳಗೆ ಬಿಡುವ ಕಿಟಕಿಗಳು. ಗುಜರಾತಿ ಮನೆಯ ಮರಗೆಲಸಕ್ಕೆ ಬ್ರಿಟಿಷ್ ಕಾಲದ ಕಂಬ, ಕಮಾನುಗಳು ಸೇರಿಕೊಂಡಿವೆ. ಆ ಕಾಲದ ಗಿರಣಿ ಒಡೆಯರ ಅಭಿರುಚಿಯೇ ಅಂಥದ್ದು. ಗೋಡೆಗೆ ಚೌಕಟ್ಟು ಹಾಕಿ ತೂಗಿಸಿದ ಹಳೆ ಬಟ್ಟೆಗಳ ಮುಂದೆ ನಾನು ಬಹಳ ಹೊತ್ತು ನಿಂತೆ. ಈ ಮನೆ ಎದ್ದದ್ದು ಬಟ್ಟೆಯ ದುಡ್ಡಿನಿಂದ. ಅದಕ್ಕೆ ಒಪ್ಪುವ ಅಲಂಕಾರವೂ ಬಟ್ಟೆಯೇ.

ನೂಲಿನ ಊರು

ಅಹಮದಾಬಾದಿನ ಮೊದಲ ಬಟ್ಟೆ ಗಿರಣಿಯನ್ನು ರಣಛೋಡ್‌ಲಾಲ್ ಛೋಟಾಲಾಲ್ 1861ರಲ್ಲಿ ಶುರು ಮಾಡಿದರು. ಮುಂದಿನ ದಶಕಗಳಲ್ಲಿ ಗಿರಣಿಯ ಹಿಂದೆ ಗಿರಣಿ ಎದ್ದು, ಊರಿಗೆ ‘ಭಾರತದ ಮ್ಯಾಂಚೆಸ್ಟರ್’ ಎಂಬ ಹೆಸರು ಬಂತು. ಆ ಸಿರಿಯ ಹಿಂದೆ ಕೂಲಿಕಾರರ ಬೆವರಿತ್ತು. 1918ರಲ್ಲಿ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದಾಗ ಗಾಂಧೀಜಿ ಅವರ ಪರವಾಗಿ ನಿಂತು ಉಪವಾಸ ಕುಳಿತದ್ದು ಇದೇ ಊರಿನಲ್ಲಿ, ಈ ಮನೆ ಏಳುವುದಕ್ಕೆ ಆರು ವರ್ಷ ಮೊದಲು. ಸೊಗಸಾದ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುವವರು ಆ ಚರಿತ್ರೆಯನ್ನೂ ನೆನೆಯಬೇಕು.

ಕಾಲ ಸರಿದಂತೆ ಸಿರಿವಂತ ಮನೆತನಗಳು ಕೋಟೆಯೊಳಗಿನ ಊರನ್ನು ಬಿಟ್ಟು ಸಾಬರಮತಿಯ ಆಚೆ ದಡಕ್ಕೂ ಶಾಹಿಬಾಗಿಗೂ ಹೊರಟವು. 1980ರ ದಶಕದಲ್ಲಿ ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ಹಳೆ ಊರಿನಲ್ಲಿ ಎಷ್ಟೋ ಮನೆಗಳು ಗೋದಾಮುಗಳಾದವು, ಎಷ್ಟೋ ನೆಲಸಮವಾದವು. ಕೆತ್ತನೆಯ ಕಂಬ, ಬಾಗಿಲುಗಳು ಹಳೆ ಸಾಮಾನಿನ ಅಂಗಡಿಗೆ ಬಿದ್ದವು. ಮಂಗಲ್‌ದಾಸರ ಮನೆ ಆ ದಾರಿ ಹಿಡಿಯಲಿಲ್ಲ ಎಂಬುದೇ ದೊಡ್ಡ ಸಂಗತಿ.

ಹಳೆ ಮನೆಯನ್ನು ಹೋಟೆಲ್ ಮಾಡುವುದೆಂದರೆ ಬಣ್ಣ ಬಳಿದು ಮಂಚ ಹಾಕುವಷ್ಟು ಸುಲಭವಲ್ಲ. ಕೋಣೆಗೊಂದು ಬಚ್ಚಲು ಬೇಕು; ನೂರು ವರ್ಷದ ಹಿಂದೆ ಅದು ಯಾರಿಗೂ ಬೇಕಿರಲಿಲ್ಲ. ನೀರಿನ ಪೈಪು, ಎ.ಸಿ.ಯ ಕೊಳವೆ, ವಿದ್ಯುತ್ ತಂತಿಗಳನ್ನೆಲ್ಲ ಕೆತ್ತನೆಗೂ ತೊಲೆಗೂ ಪೆಟ್ಟಾಗದಂತೆ ಎಳೆಯಬೇಕು. ಹಳೆ ಗೋಡೆಗೆ ಸುಣ್ಣದ ಗಾರೆಯೇ ಸರಿ. ಅದು ಗೋಡೆಯೊಳಗಿನ ತೇವವನ್ನು ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಉಪ್ಪು ಒಸರಿ, ಇಟ್ಟಿಗೆ ಪುಡಿಯಾಗತೊಡಗುತ್ತದೆ. ಇಂಥ ಹೋಟೆಲಿಗೆ ಹೋದಾಗ ಮೂಲೆಯ ಗೋಡೆಯನ್ನೊಮ್ಮೆ ಮುಟ್ಟಿ ನೋಡಿ. ಮಾಲೀಕರಿಗೆ ಮನೆಯ ಮೇಲೆ ಪ್ರೀತಿ ಎಷ್ಟಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಮಾಳಿಗೆಯ ಮೇಲಿನ ಊಟ

ಗುಜರಾತ್ ಪಾನನಿಷೇಧದ ರಾಜ್ಯ. ಇಲ್ಲಿ ಸಂಜೆಯ ಸಂಭ್ರಮವೆಲ್ಲ ಊಟದ್ದೇ. ಹೋಟೆಲಿನ ಮಾಳಿಗೆಯ ಮೇಲೆ ‘ಅಗಾಶಿಯೆ’ ಎಂಬ ಊಟದ ಮನೆಯಿದೆ. ಅಲ್ಲಿ ಸಸ್ಯಾಹಾರಿ ಗುಜರಾತಿ ಥಾಲಿ ಬಡಿಸುತ್ತಾರೆ. ಅಡುಗೆ ದಿನಕ್ಕೊಂದು ಬಗೆ. ಬಿಸಿ ರೊಟ್ಲಿ, ಸಿಹಿ ಬೆರೆತ ದಾಳ್, ಕಢಿ, ಮೆತ್ತನೆಯ ಢೋಕ್ಲಾ, ಸಜ್ಜೆ ರೊಟ್ಟಿಯ ಜೊತೆ ಬೆಣ್ಣೆ, ಬೆಲ್ಲ. ಚಳಿಗಾಲವಾದರೆ ಉಂಧಿಯು. ತಟ್ಟೆ ಖಾಲಿಯಾಗಲು ಬಿಡದೆ ಬಡಿಸುವ ಆ ಒತ್ತಾಯದಲ್ಲಿ ಮದುವೆ ಮನೆಯ ಪಂಕ್ತಿಯ ಅಕ್ಕರೆಯಿದೆ. ಕೆಳಗೆ ಅಂಗಳದಲ್ಲಿರುವ ‘ಗ್ರೀನ್ ಹೌಸ್’ ಕೆಫೆಯಲ್ಲಿ ಕೋಣೆ ಹಿಡಿದವರಿಗಿಂತ ಊರಿನವರೇ ಹೆಚ್ಚು ಕಂಡರು. ಕಾಲೇಜು ಮಕ್ಕಳು, ಅಜ್ಜಿಯನ್ನು ಕರೆತಂದ ಸಂಸಾರ, ಕಚೇರಿ ಮುಗಿಸಿ ಬಂದವರು. ನನಗೆ ಅತಿ ಹೆಚ್ಚು ಹಿಡಿಸಿದ್ದು ಇದೇ. ಒಂದು ಕಾಲಕ್ಕೆ ಸೇಠರ ಆಪ್ತರಷ್ಟೇ ಕಾಲಿಡುತ್ತಿದ್ದ ಅಂಗಳ ಈಗ ಊರಿನ ಅಂಗಳವಾಗಿದೆ.

ಬಾಗಿಲಾಚೆಯ ಊರು

ರಸ್ತೆ ದಾಟಿದರೆ ಸಿದಿ ಸಯ್ಯದ್ ಮಸೀದಿ. 1572-73ರಲ್ಲಿ, ಅಕ್ಬರನ ಸೇನೆ ಗುಜರಾತನ್ನು ಗೆದ್ದುಕೊಂಡ ಹೊತ್ತಿನಲ್ಲಿ, ಆಫ್ರಿಕಾ ಮೂಲದ ಸಿದಿ ಸಯ್ಯದ್ ಅದನ್ನು ಕಟ್ಟಿಸಿದ. ಪಡುವಣ ಗೋಡೆಯ ಅರೆಚಂದ್ರಾಕಾರದ ಕಲ್ಲಿನ ಜಾಲಂಧ್ರದಲ್ಲಿ ಒಂದು ತಾಳೆಮರ, ಅದನ್ನು ಸುತ್ತಿ ಬಳುಕುವ ಮರದ ಕೊಂಬೆಗಳು, ಕೊಂಬೆ ತುಂಬ ಎಲೆ. ಕಲ್ಲನ್ನು ಕಸೂತಿಯ ಹಾಗೆ ಬಿಡಿಸಿದ್ದಾರೆ. ಅಹಮದಾಬಾದಿನ ಐಐಎಂ ತನ್ನ ಲಾಂಛನಕ್ಕೆ ಸ್ಫೂರ್ತಿ ಪಡೆದದ್ದು ಇಲ್ಲಿಂದಲೇ.

ಮಾರನೆಯ ಬೆಳಿಗ್ಗೆ ಪಾರಂಪರಿಕ ನಡಿಗೆಗೆ ಹೋಗಬೇಕು. ನಗರ ಪಾಲಿಕೆ 1997ರಿಂದ ನಡೆಸುತ್ತಿರುವ ಈ ನಡಿಗೆ ಕಾಲೂಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಟು, 1424ರ ಜಾಮಾ ಮಸೀದಿಯಲ್ಲಿ ಮುಗಿಯುತ್ತದೆ. ದಾರಿಯುದ್ದಕ್ಕೂ ಪೋಳ್‌ಗಳು, ಅಂದರೆ ಹೆಬ್ಬಾಗಿಲಿರುವ ಇಕ್ಕಟ್ಟಿನ ಕೇರಿಗಳು. ಮನೆಗಳ ನಡುವೆ ಬಾನಿಗೆ ತೆರೆದ ಚೌಕ, ಅದರ ಕೆಳಗೆ ಮಾಳಿಗೆಯ ಮಳೆನೀರು ಇಳಿದು ತುಂಬುವ ‘ಟಾಂಕಾ’. ಕೇರಿಯ ನಡುವೆ ಕಂಬದ ಮೇಲೆ ನಿಂತ ಚಬೂತ್ರೊ, ಹಕ್ಕಿಗಳಿಗೆ ಕಾಳು ಹಾಕಲೆಂದೇ ಕಟ್ಟಿದ್ದು. ಇಟ್ಟಿಗೆಯ ಗೋಡೆಗಳೊಳಗೆ ಮರದ ಅಡ್ಡಪಟ್ಟಿಗಳಿವೆ. 2001ರ ಜನವರಿ 26ರ ಭೂಕಂಪದಲ್ಲಿ ನಗರದ ಹಲವು ಹೊಸ ಕಾಂಕ್ರೀಟ್ ಅಪಾರ್ಟ್‌ಮೆಂಟುಗಳು ಕುಸಿದು ಬಿದ್ದಾಗ, ಮರದ ಚೌಕಟ್ಟಿನ ಈ ಮನೆಗಳಲ್ಲಿ ಬಹುಪಾಲು ತಾಳಿಕೊಂಡವು. 2017ರ ಜುಲೈನಲ್ಲಿ ಯುನೆಸ್ಕೊ ಅಹಮದಾಬಾದನ್ನು ವಿಶ್ವ ಪಾರಂಪರಿಕ ನಗರವೆಂದು ಸಾರಿತು. ಭಾರತದಲ್ಲಿ ಆ ಮನ್ನಣೆ ಪಡೆದ ಮೊದಲ ನಗರ ಇದು.

ಗೌರವ ಸಿಕ್ಕಿತೆಂದು ಮನೆ ತಾನಾಗಿ ಉಳಿಯುವುದಿಲ್ಲ. ದುರಸ್ತಿಗೆ ದುಡ್ಡು ಬೇಕು. ಅಹಮದಾಬಾದ್ ಅದಕ್ಕೊಂದು ದಾರಿ ಹುಡುಕಿದೆ. ಪಾರಂಪರಿಕ ಮನೆಯನ್ನು ಕೆಡವದೆ ಉಳಿಸಿಕೊಂಡವರಿಗೆ ಪಾಲಿಕೆ ಟಿಡಿಆರ್, ಅಂದರೆ ಬೇರೆಯವರಿಗೆ ವರ್ಗಾಯಿಸಬಹುದಾದ ಕಟ್ಟಡ ಕಟ್ಟುವ ಹಕ್ಕನ್ನು, ಕೊಡುತ್ತದೆ. ಅದನ್ನು ನಗರದ ಬೇರೆ ಕಡೆ ಕಟ್ಟುವವರಿಗೆ ಮಾರಿ, ಬಂದ ಹಣದಲ್ಲಿ ಮನೆ ರಿಪೇರಿ ಮಾಡಿಸಬಹುದು. ಬೆಂಗಳೂರಿಗರಿಗೆ ಟಿಡಿಆರ್ ಎಂದರೆ ನೆನಪಾಗುವುದು ರಸ್ತೆ ಅಗಲೀಕರಣ. ಅಲ್ಲಿ ಮನೆ ಕಳೆದುಕೊಂಡವರಿಗೆ ಸಿಗುವುದು ಇಲ್ಲಿ ಮನೆ ಉಳಿಸಿಕೊಂಡವರಿಗೆ ಸಿಗುತ್ತಿದೆ.

ನಮ್ಮಲ್ಲೂ ಹಳೆ ಕಟ್ಟಡಗಳು ಹೋಟೆಲ್ ಆಗಿ ಉಳಿದಿವೆ. ಮೈಸೂರಿನ ಮೆಟ್ರೊಪೋಲ್ 1920ರದು, ಲಲಿತ ಮಹಲ್ 1921ರದು. ಅವೆರಡೂ ಮಹಾರಾಜರು ಅತಿಥಿಗಳಿಗೆಂದೇ ಕಟ್ಟಿಸಿದವು. ಆದರೆ ಮೈಸೂರಿನ ಅಗ್ರಹಾರದಲ್ಲಿ, ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಮಲ್ಲೇಶ್ವರದಲ್ಲಿ ವ್ಯಾಪಾರಿಗಳು, ವಕೀಲರು, ಮೇಷ್ಟರು ಬಾಳಿದ ಮನೆಗಳು ಕಣ್ಣೆದುರೇ ಅಪಾರ್ಟ್‌ಮೆಂಟ್ ಆಗುತ್ತಿವೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ನಿಯಮದಂತೆ 1950ಕ್ಕೆ ಮೊದಲು ಕಟ್ಟಿದ ಮನೆಯೂ ಹೆರಿಟೇಜ್ ಹೋಟೆಲ್ ಆಗಬಹುದು, ಅರಮನೆಯೇ ಆಗಬೇಕೆಂದಿಲ್ಲ.

ಹೋಗುವವರು ಅಕ್ಟೋಬರ್ ಕೊನೆಯಿಂದ ಫೆಬ್ರುವರಿಯೊಳಗೆ ಹೋಗಿ. ಬೇಸಿಗೆಯ ಬಿಸಿಲು ಕಠಿಣ. ಜನವರಿ 14ರ ಉತ್ತರಾಯಣದ ಗಾಳಿಪಟದ ಹಬ್ಬಕ್ಕಾದರೆ ಬಹಳ ಮೊದಲೇ ಕೋಣೆ ಕಾಯ್ದಿರಿಸಿ.

ಹಳೆ ಮನೆಯಲ್ಲಿ ಜನ ಉಂಡು, ಮಲಗಿ, ಮಾತಾಡುತ್ತಿದ್ದರೆ ಸೂರು ಸೋರಿದ ದಿನವೇ ಯಾರಾದರೂ ಏಣಿ ತರುತ್ತಾರೆ. ಬೀಗ ಹಾಕಿದರೆ ಒಂದು ಮಳೆಗಾಲ ಸಾಕು, ತೊಲೆಗೆ ಗೆದ್ದಲು ಹತ್ತುತ್ತದೆ. ಮುಂದಿನ ಪ್ರವಾಸಕ್ಕೆ ಕೋಣೆ ಹುಡುಕುವಾಗ ಇಂಥ ಮನೆಯೊಂದನ್ನು ಆರಿಸಿಕೊಳ್ಳಿ. ನೀವು ಕೊಡುವ ಬಾಡಿಗೆಯಲ್ಲಿ ಒಂದು ಪಾಲು ಬಡಗಿಗೆ, ಒಂದು ಪಾಲು ಗಾರೆಯವನಿಗೆ ಹೋಗುತ್ತದೆ. ಒಂದು ಊರಿನ ನೆನಪನ್ನು ಉಳಿಸುವ ಕೆಲಸದಲ್ಲಿ ಪ್ರವಾಸಿಗೆ ಇಷ್ಟು ನೇರವಾದ ಪಾಲು ಬೇರೆಲ್ಲೂ ಸಿಗದು.